ಔಷಧದ ಬೆಲೆಯೂ ನಡುವಿನ ಕೈಗಳೂ

ನಾವು ದಿನನಿತ್ಯ ಕೊಳ್ಳುವ ವಸ್ತುಗಳಲ್ಲೆಲ್ಲ ಔಷಧವೊಂದು ವಿಚಿತ್ರವಾದ ವಸ್ತು. ಬದನೆಕಾಯಿ ಕೊಳ್ಳುವಾಗ ಅದನ್ನು ಮುಟ್ಟಿ ನೋಡುತ್ತೇವೆ, ಹುಳುಕಿದೆಯೇ ಎಂದು ತಿರುಗಿಸಿ ನೋಡುತ್ತೇವೆ, ಬೆಲೆ ಹೆಚ್ಚಾಯಿತೆಂದು ಚೌಕಾಸಿ ಮಾಡುತ್ತೇವೆ, ಒಪ್ಪಿಗೆಯಾಗದಿದ್ದರೆ ಪಕ್ಕದ ಬುಟ್ಟಿಗೆ ಹೋಗುತ್ತೇವೆ. ಔಷಧದ ಅಂಗಡಿಯ ಮುಂದೆ ನಿಂತಾಗ ಈ ಸ್ವಾತಂತ್ರ್ಯಗಳಲ್ಲಿ ಒಂದೂ ನಮಗೆ ಉಳಿಯುವುದಿಲ್ಲ. ಯಾವ ಔಷಧ ಬೇಕೆಂಬುದನ್ನು ವೈದ್ಯರು ನಿರ್ಧರಿಸುತ್ತಾರೆ. ಅದು ಯಾವ ಕಂಪನಿಯದಾಗಿರಬೇಕೆಂಬುದನ್ನು ಅವರ ಚೀಟಿಯೋ ಅಂಗಡಿಯ ಬೀರುವೋ ನಿರ್ಧರಿಸುತ್ತದೆ. ಬೆಲೆ ಮೊದಲೇ ಅಚ್ಚಾಗಿರುತ್ತದೆ. ಹಣ ಕೊಡುವ ಕೆಲಸವೊಂದು ಮಾತ್ರ ನಮ್ಮ ಪಾಲಿಗೆ ಬರುತ್ತದೆ. ಇಲ್ಲಿ ಆರಿಸುವವನು ತೆರುವುದಿಲ್ಲ, ತೆರುವವನು ಆರಿಸುವುದಿಲ್ಲ. ಈ ಬಿರುಕಿನ ನಡುವೆ ನಿಂತು ಬದುಕುವವರ ವಿಚಾರವಾಗಿ ಈ ಹೊತ್ತು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ನಾನು ವೈದ್ಯನಲ್ಲ, ಅರ್ಥಶಾಸ್ತ್ರಜ್ಞನೂ ಅಲ್ಲ. ಕಾಲೇಜುಗಳಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ವಯಸ್ಸಾದ ಮೇಲೆ ಪುಸ್ತಕದ ಅಂಗಡಿಗಿಂತ ಔಷಧದ ಅಂಗಡಿಯ ಪರಿಚಯವೇ ಹೆಚ್ಚಾಗುವುದು ಲೋಕರೂಢಿ. ನಾನು ಹೋಗುವ ಅಂಗಡಿಯನ್ನು ನಡೆಸುವವನು ನನ್ನ ಹಳೆಯ ವಿದ್ಯಾರ್ಥಿ. ಒಂದು ಸಂಜೆ ಗಿರಾಕಿಗಳಿಲ್ಲದ ವೇಳೆಯಲ್ಲಿ ಅವನು ಆಮ್ಲಪಿತ್ತದ ಮಾತ್ರೆಯ ಎರಡು ಪಟ್ಟಿಗಳನ್ನು ಮೇಜಿನ ಮೇಲೆ ಇಟ್ಟ. “ಇವೆರಡೂ ಒಂದೇ ಔಷಧ ಮೇಷ್ಟ್ರೇ. ಇದರ ಮೇಲೆ 96 ರೂಪಾಯಿ ಅಚ್ಚಾಗಿದೆ, ನನಗೆ ಬೀಳುವುದು 75. ಇದರ ಮೇಲೆ 110 ಅಚ್ಚಾಗಿದೆ, ನನಗೆ ಬೀಳುವುದು 22. ನಾನು ಯಾವುದನ್ನು ಮಾರಬೇಕು, ನೀವೇ ಹೇಳಿ” ಎಂದ. “22 ರೂಪಾಯಿಯದನ್ನು 30ಕ್ಕೆ ಮಾರಬಹುದಲ್ಲಪ್ಪಾ” ಎಂದೆ. ಅವನು ನಕ್ಕ. “ಮಾರಬಹುದು. ಆದರೆ ಅಷ್ಟು ಅಗ್ಗಕ್ಕೆ ಕೊಟ್ಟರೆ ಗಿರಾಕಿ ಅದನ್ನು ನಕಲಿ ಮಾಲೆಂದು ತಿಳಿಯುತ್ತಾನೆ. ಅಚ್ಚಾದ ಬೆಲೆಯಲ್ಲಿ ನೂರಕ್ಕೆ ಇಪ್ಪತ್ತು ಬಿಟ್ಟೆ ಎಂದರೆ ಸಂತೋಷದಿಂದ ಒಯ್ಯುತ್ತಾನೆ.”

ಮನೆಗೆ ಬಂದು ಲೆಕ್ಕ ಹಾಕಿದೆ. ನೂರಕ್ಕೆ ಇಪ್ಪತ್ತು ಬಿಟ್ಟರೂ ಗಿರಾಕಿ ತೆರುವುದು 88 ರೂಪಾಯಿ. ಅದರಲ್ಲಿ 66 ರೂಪಾಯಿ ನಡುವೆ ಉಳಿಯುತ್ತದೆ. ರಿಯಾಯಿತಿ ದೊರೆಯಿತೆಂದು ನಾವು ಹಿಗ್ಗುವುದು ನಮ್ಮದೇ ಹಣದ ಒಂದು ಚೂರು ನಮಗೆ ಮರಳಿ ಬಂದಾಗ. ಅವನ ಮೇಲೆ ನನಗೆ ಕೋಪ ಬರಲಿಲ್ಲ. ಮನಸ್ಸು ಮಾಡಿದ್ದರೆ ಅವನು ಆ ಲೆಕ್ಕವನ್ನು ನನಗೆ ತೋರಿಸದೆಯೇ ಇರಬಹುದಾಗಿತ್ತು. ಆದರೆ ಇಂಥ ಅಂತರಕ್ಕೆ ನಮ್ಮ ಕಾನೂನು ಹೇಗೆ ಎಡೆಕೊಟ್ಟಿದೆ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಕಾಡತೊಡಗಿತು.

ಕನ್ನಡದಲ್ಲಿ ನಡುವೆ ನಿಂತವನಿಗೆ ಎರಡು ಬಗೆಯ ಹೆಸರುಗಳಿವೆ. ಜಗಳವಾದಾಗ ಎರಡು ಕಡೆಯವರೂ ನಂಬಿ ಕರೆಯುವವನು ಮಧ್ಯಸ್ಥ. ವ್ಯಾಪಾರದಲ್ಲಿ ನಡುವೆ ನಿಂತು ತನ್ನ ಪಾಲನ್ನು ಹಿಡಿದುಕೊಳ್ಳುವವನು ದಲ್ಲಾಳಿ. ಮೊದಲನೆಯದು ಗೌರವದ ಮಾತು, ಎರಡನೆಯದರಲ್ಲಿ ತುಸು ಕಹಿ ಬೆರೆತಿದೆ. ಆದರೆ ನಮ್ಮ ರೈತ ದಲ್ಲಾಳಿಯನ್ನು ಎಷ್ಟೇ ಬೈದರೂ ಅವನ ಪಾಲೆಷ್ಟೆಂಬುದನ್ನು ಬಲ್ಲ. ಕೃಷಿ ಮಾರುಕಟ್ಟೆಯ ಕಾಯಿದೆ ಕರ್ನಾಟಕದಲ್ಲಿ 1966ರಷ್ಟು ಹಿಂದೆಯೇ ಬಂದಿತು. ಮಂಡಿಯಲ್ಲಿ ಹರಾಜು ಎಲ್ಲರ ಕಣ್ಣೆದುರಿಗೆ ನಡೆಯುತ್ತದೆ. ಕಮಿಷನ್ನಿನ ದರಕ್ಕೆ ನಿಯಮವಿದೆ. ಆ ನಿಯಮಗಳು ಎಷ್ಟು ಮುರಿಯಲ್ಪಡುತ್ತವೆ ಎಂಬುದು ಬೇರೆ ಮಾತು. ನಿಯಮವಿದ್ದರೆ ಮುರಿದವನನ್ನು ಕೇಳಬಹುದು. ಔಷಧದ ಪೇಟೆಯಲ್ಲಿ ಬಹುಪಾಲು ಮಾಲಿಗೆ ಅಂಥ ನಿಯಮವೇ ಇಲ್ಲ.

ಮೊದಲು ಔಷಧ ನಮ್ಮ ಕೈಗೆ ಬರುವ ದಾರಿಯನ್ನು ನೋಡೋಣ. ಕಾರ್ಖಾನೆಯಿಂದ ಹೊರಟ ಮಾಲು ಕಂಪನಿಯ ಉಗ್ರಾಣಕ್ಕೆ ಬರುತ್ತದೆ. ಅಲ್ಲಿಂದ ಸ್ಟಾಕಿಸ್ಟ್ ಎಂದು ಕರೆಯುವ ಸಗಟು ವ್ಯಾಪಾರಿಗೆ, ಅವನಿಂದ ಬೀದಿಯ ಅಂಗಡಿಗೆ ಅಥವಾ ಆಸ್ಪತ್ರೆಯ ಒಳಗಿನ ಅಂಗಡಿಗೆ, ಅಲ್ಲಿಂದ ರೋಗಿಗೆ. ಕಂಪನಿಯು ಸ್ಟಾಕಿಸ್ಟನಿಗೆ ಕೊಡುವ ಬೆಲೆಗೂ ಪೆಟ್ಟಿಗೆಯ ಮೇಲೆ ಅಚ್ಚಾದ ಬೆಲೆಗೂ ನಡುವಿನ ಅಂತರವೇ ವ್ಯಾಪಾರದ ಲಾಭಾಂಶ. ಬೆಲೆ ನಿಯಂತ್ರಣಕ್ಕೆ ಒಳಪಟ್ಟ ಔಷಧಗಳಲ್ಲಿ ಸಗಟು ವ್ಯಾಪಾರಿಗೆ ಶೇಕಡಾ 8, ಅಂಗಡಿಗೆ ಶೇಕಡಾ 16 ಎಂಬುದು ರೂಢಿ. ಒಳಪಡದ ಔಷಧಗಳಲ್ಲಿ 10 ಮತ್ತು 20 ಎಂಬ ಲೆಕ್ಕ ವ್ಯಾಪಾರಿಗಳ ನಡುವೆ ಬಹುಕಾಲದಿಂದ ನಡೆದು ಬಂದಿದೆ. ಇಷ್ಟೇ ಆಗಿದ್ದರೆ ಈ ಭಾಷಣದ ಅಗತ್ಯವಿರುತ್ತಿರಲಿಲ್ಲ.

ನಮ್ಮ ಸರಕಾರ ಔಷಧದ ಬೆಲೆಯ ಮೇಲೆ ಕಣ್ಣಿಟ್ಟದ್ದು ಇಂದು ನಿನ್ನೆಯಲ್ಲ. ಅಗತ್ಯ ವಸ್ತುಗಳ ಕಾಯಿದೆಯ ಕೆಳಗೆ 1970ರಲ್ಲಿ ಬೆಲೆ ನಿಯಂತ್ರಣದ ಆಜ್ಞೆ ಬಂದಿತು. ಜಯಸುಖಲಾಲ್ ಹಾಥಿಯವರ ಅಧ್ಯಕ್ಷತೆಯ ಸಮಿತಿ 1975ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ಔಷಧಗಳ ಬ್ರ್ಯಾಂಡ್ ಹೆಸರುಗಳನ್ನು ಹಂತಹಂತವಾಗಿ ಕೈಬಿಟ್ಟು ಮೂಲದ ಹೆಸರಿನಿಂದಲೇ ಮಾರಬೇಕೆಂದು ಅಂದೇ ಅದು ಸೂಚಿಸಿತು. 1979ರ ಆಜ್ಞೆಯಲ್ಲಿ 347 ಔಷಧಗಳು ನಿಯಂತ್ರಣದಲ್ಲಿದ್ದುವು. 1987ರಲ್ಲಿ ಆ ಸಂಖ್ಯೆ 142ಕ್ಕೆ ಇಳಿಯಿತು, 1995ರಲ್ಲಿ 74ಕ್ಕೆ. ಬೆಲೆಗಳನ್ನು ನಿಗದಿ ಮಾಡಲು 1997ರಲ್ಲಿ ರಾಷ್ಟ್ರೀಯ ಪ್ರಾಧಿಕಾರವೊಂದು ಹುಟ್ಟಿತು. ಬಳಿಕ 2013ರ ಆಜ್ಞೆ ಲೆಕ್ಕದ ರೀತಿಯನ್ನೇ ಬದಲಿಸಿತು. ಹಿಂದೆ ತಯಾರಿಕೆಯ ವೆಚ್ಚದಿಂದ ಬೆಲೆಯನ್ನು ಲೆಕ್ಕ ಹಾಕುತ್ತಿದ್ದರು. ಈಗ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿ ಸೇರಿದ ಪ್ರತಿಯೊಂದು ಔಷಧಕ್ಕೂ, ಮಾರುಕಟ್ಟೆಯಲ್ಲಿ ಕನಿಷ್ಠ ಶೇಕಡಾ 1ರಷ್ಟು ಪಾಲುಳ್ಳ ಬ್ರ್ಯಾಂಡುಗಳನ್ನು ಅಂಗಡಿಗಳಿಗೆ ಕೊಡುವ ಬೆಲೆಯ ಸರಾಸರಿ ತೆಗೆದು, ಅದರ ಮೇಲೆ ಅಂಗಡಿಯ ಶೇಕಡಾ 16ನ್ನು ಸೇರಿಸಿ ಗರಿಷ್ಠ ಬೆಲೆಯನ್ನು ಕಟ್ಟುತ್ತಾರೆ. 2022ರ ಪಟ್ಟಿಯಲ್ಲಿ 384 ಔಷಧಗಳಿವೆ.

ಸಂಖ್ಯೆ ದೊಡ್ಡದೆನಿಸುತ್ತದೆ. ಆದರೆ ದೇಶದಲ್ಲಿ ನಡೆಯುವ ಔಷಧ ವ್ಯಾಪಾರದ ಮೌಲ್ಯದಲ್ಲಿ ಬಹುಪಾಲು ಈ ಪಟ್ಟಿಯ ಹೊರಗೇ ಇದೆ. ಪಟ್ಟಿಯ ಹೊರಗಿನ ಔಷಧಕ್ಕೆ ಕಾನೂನು ಹೇಳುವುದು ಒಂದೇ ಮಾತು: ಹನ್ನೆರಡು ತಿಂಗಳಲ್ಲಿ ಬೆಲೆಯನ್ನು ಶೇಕಡಾ 10ಕ್ಕಿಂತ ಹೆಚ್ಚು ಏರಿಸಬಾರದು. ಮೊಟ್ಟಮೊದಲ ದಿನ ಎಷ್ಟು ಅಚ್ಚುಹಾಕಬೇಕೆಂಬುದು ಕಂಪನಿಯ ಇಚ್ಛೆ. ಗೋಡೆ ಎತ್ತರಿಸುವುದಕ್ಕೆ ಮಿತಿಯಿಟ್ಟು, ಅಡಿಪಾಯವನ್ನು ಯಾವ ಎತ್ತರದಲ್ಲಾದರೂ ಹಾಕಿಕೊಳ್ಳಿರೆಂದು ಬಿಟ್ಟ ಹಾಗಾಯಿತು. ಹತ್ತು ರೂಪಾಯಿಗೆ ಸ್ಟಾಕಿಸ್ಟನಿಗೆ ಕೊಡುವ ಮಾಲಿನ ಮೇಲೆ ನೂರು ರೂಪಾಯಿ ಅಚ್ಚುಹಾಕಿದರೆ ಅದು ಈ ನಿಯಮದ ಉಲ್ಲಂಘನೆಯಾಗುವುದಿಲ್ಲ.

ಹಾಗಾದರೆ ಕಂಪನಿಗಳ ನಡುವಿನ ಪೈಪೋಟಿ ಬೆಲೆಯನ್ನು ತಾನಾಗಿಯೇ ಇಳಿಸಬೇಕಲ್ಲವೆ ಎಂದು ನೀವು ಕೇಳಬಹುದು. ಪೈಪೋಟಿಯೇನೋ ಇದೆ, ಆದರೆ ಅದರ ದಿಕ್ಕು ಬೇರೆ. ರೋಗಿಗೆ ಆರಿಸುವ ಅಧಿಕಾರವಿಲ್ಲದಿರುವಾಗ ಅವನನ್ನು ಒಲಿಸಿಕೊಂಡು ಕಂಪನಿಗೆ ಆಗಬೇಕಾದ್ದೇನು? ಒಲಿಸಿಕೊಳ್ಳಬೇಕಾದದ್ದು ಆರಿಸುವವನನ್ನು, ಅಂದರೆ ಬರೆಯುವವನನ್ನು ಅಥವಾ ಬೀರುವಿನಿಂದ ತೆಗೆದುಕೊಡುವವನನ್ನು. ಎರಡು ಕಂಪನಿಗಳು ಒಂದೇ ಮಾತ್ರೆಯನ್ನು ಮಾಡಿದರೆ, ಅಂಗಡಿಗೆ ಹೆಚ್ಚು ಲಾಭಾಂಶ ಬಿಡುವ ಕಂಪನಿಯ ಮಾಲು ಮುಂದೆ ಬರುತ್ತದೆ. ಲಾಭಾಂಶ ಬೆಳೆಯಬೇಕಾದರೆ ಅಚ್ಚಾದ ಬೆಲೆ ಬೆಳೆಯಬೇಕು. ಬೇರೆ ಸರಕುಗಳಲ್ಲಿ ಬೆಲೆಯನ್ನು ಇಳಿಸುವ ಪೈಪೋಟಿ ಇಲ್ಲಿ ಬೆಲೆಯನ್ನು ಏರಿಸುತ್ತದೆ. ಅಂಗಡಿಯವನಿಗೆ ಒಳ್ಳೆಯ ಮನಸ್ಸಿದ್ದರೂ, ಚೀಟಿಯಲ್ಲಿ ಬರೆದ ಬ್ರ್ಯಾಂಡಿಗೆ ಬದಲಾಗಿ ಅದೇ ಔಷಧದ ಅಗ್ಗದ ಬ್ರ್ಯಾಂಡನ್ನು ತಾನಾಗಿ ಕೊಡಲು ನಿಯಮ ಅವನಿಗೆ ಅವಕಾಶ ಕೊಟ್ಟಿಲ್ಲ.

ಈ ರೋಗ ನಮ್ಮ ದೇಶಕ್ಕೆ ಮಾತ್ರ ಅಂಟಿದ್ದೆಂದು ಭಾವಿಸಬೇಕಾಗಿಲ್ಲ. ವಿಮೆಯ ಹಣದಿಂದ ಔಷಧ ಕೊಳ್ಳುವ ಅಮೆರಿಕದಲ್ಲಿ ನಡುವಿನವರ ವೇಷ ಬೇರೆ. ಅಲ್ಲಿ ವಿಮೆಯ ಕಂಪನಿಗೂ ಔಷಧದ ಕಂಪನಿಗೂ ನಡುವೆ ನಿಂತು ಬೆಲೆ ಕುದುರಿಸುವ ಸಂಸ್ಥೆಗಳಿವೆ. ಅವುಗಳನ್ನು ಫಾರ್ಮಸಿ ಬೆನಿಫಿಟ್ ಮ್ಯಾನೇಜರ್ ಎಂದು ಕರೆಯುತ್ತಾರೆ. ಯಾವ ಔಷಧ ವಿಮೆಯ ಪಟ್ಟಿಗೆ ಸೇರಬೇಕೆಂಬುದರಲ್ಲಿ ಅವುಗಳ ಕೈ ದೊಡ್ಡದು. ಪಟ್ಟಿಗೆ ಸೇರಲು ಔಷಧ ಕಂಪನಿ ಅವುಗಳಿಗೆ ರಿಯಾಯಿತಿ ಕೊಡಬೇಕು. ದೊಡ್ಡ ರಿಯಾಯಿತಿ ಕೊಡಬೇಕಾದರೆ ಮೊದಲು ದೊಡ್ಡ ಬೆಲೆ ಬರೆಯಬೇಕು. ಅಂಥ ಸಂಸ್ಥೆಗಳಲ್ಲಿ ಅತಿ ದೊಡ್ಡ ಮೂರೇ ಆ ದೇಶದ ಔಷಧ ಚೀಟಿಗಳಲ್ಲಿ ಶೇಕಡಾ 80ರ ಹತ್ತಿರದಷ್ಟನ್ನು ನಿರ್ವಹಿಸುತ್ತವೆಂದು ಅಲ್ಲಿಯ ಫೆಡರಲ್ ಟ್ರೇಡ್ ಕಮಿಷನ್ 2024ರ ವರದಿಯಲ್ಲಿ ಹೇಳಿತು. ಅವುಗಳನ್ನು ರಾಜ್ಯದ ಕಾನೂನು ಕಟ್ಟಿಹಾಕಬಹುದೇ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2020ರಲ್ಲಿ ಅರ್ಕಾನ್ಸಾ ರಾಜ್ಯದ ಕಾನೂನು ಗೆದ್ದಿತು. ಸಂಪತ್ತಿನ ದೇಶವಾಗಲಿ, ನಮ್ಮಂಥ ದೇಶವಾಗಲಿ, ರೋಗಿಗೆ ಕಾಣದ ಜಾಗದಲ್ಲಿ ಬೆಲೆ ಕುದುರಿದರೆ ಕುದುರಿದ ಲಾಭ ರೋಗಿಯನ್ನು ಮುಟ್ಟುತ್ತದೆಂಬ ಭರವಸೆಯಿಲ್ಲ.

ಮರಳಿ ನಮ್ಮ ನಾಡಿಗೆ ಬರೋಣ. ನಡುವಿನ ಲಾಭವನ್ನು ಹಿಡಿದು ನಿಲ್ಲಿಸುವುದು ಸಾಧ್ಯವೇ ಎಂಬ ಪ್ರಶ್ನೆಗೆ ಊಹೆಯ ಉತ್ತರ ಬೇಕಾಗಿಲ್ಲ. ಅನುಭವದ ಉತ್ತರವೇ ಇದೆ. 2019ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಬೆಲೆ ನಿಯಂತ್ರಣದ ಪಟ್ಟಿಯ ಹೊರಗಿದ್ದ 42 ಕ್ಯಾನ್ಸರ್ ಔಷಧಗಳನ್ನು ಆರಿಸಿಕೊಂಡಿತು. ಕಂಪನಿ ತನ್ನ ಮಾಲನ್ನು ಯಾವ ಬೆಲೆಗಾದರೂ ಕೊಡಲಿ. ಆದರೆ ಆ ಮೊದಲ ಮಾರಾಟದಿಂದ ಕೊನೆಯ ಮಾರಾಟದವರೆಗೆ ನಡುವಿನ ಲಾಭಾಂಶ ಶೇಕಡಾ 30ನ್ನು ಮೀರಕೂಡದು ಎಂದು ವಿಧಿಸಿತು. ಫಲವೇನಾಯಿತು? 526 ಬ್ರ್ಯಾಂಡುಗಳ ಬೆಲೆ ಇಳಿಯಿತು. ಕೆಲವು ಶೇಕಡಾ 90ರವರೆಗೆ ಇಳಿದುವು. ಶ್ವಾಸಕೋಶದ ಕ್ಯಾನ್ಸರಿಗೆ ಕೊಡುವ ಎರ್ಲೋಟಿನಿಬ್ ಎಂಬ ಔಷಧದ ಒಂದು ಬ್ರ್ಯಾಂಡು 9,999 ರೂಪಾಯಿಯಿಂದ 900 ರೂಪಾಯಿಗಿಂತಲೂ ಕೆಳಕ್ಕೆ ಬಂದಿತು. ರೋಗಿಗಳಿಗೆ ವರ್ಷಕ್ಕೆ ಸುಮಾರು 984 ಕೋಟಿ ರೂಪಾಯಿ ಉಳಿಯುವುದೆಂದು ಸರಕಾರ ಲೆಕ್ಕ ಹೇಳಿತು.

ಈ ಸಂಗತಿಯನ್ನು ಓದಿ ನನಗೆ ಸಂತೋಷಕ್ಕಿಂತ ಹೆಚ್ಚಾಗಿ ದುಃಖವಾಯಿತು. ಆ ಆಜ್ಞೆ ಕಂಪನಿಯ ಕಾರ್ಖಾನೆ ಬೆಲೆಯಲ್ಲಿ ಒಂದು ಕಾಸನ್ನೂ ಇಳಿಸಲು ಹೇಳಿರಲಿಲ್ಲ. ಅಂದರೆ ಆ ಔಷಧ ಆಜ್ಞೆಯ ಹಿಂದಿನ ದಿನವೂ ಅಷ್ಟೇ ಅಗ್ಗವಾಗಿತ್ತು. ರೋಗಿಯ ಪಾಲಿಗೆ ಮಾತ್ರ ತುಟ್ಟಿಯಾಗಿತ್ತು. ಮನೆ ಅಡವಿಟ್ಟು, ಮಗಳ ಒಡವೆ ಮಾರಿ, ತಂದೆಗೋ ತಾಯಿಗೋ ಆ ಮಾತ್ರೆ ತಂದ ಮನೆಗಳನ್ನು ನೆನೆಯಿರಿ. ಇನ್ನು ಸಾಧ್ಯವಿಲ್ಲವೆಂದು ನಡುವೆಯೇ ನಿಲ್ಲಿಸಿದ ಮನೆಗಳನ್ನೂ ನೆನೆಯಿರಿ. ಅವರು ತೆತ್ತ ಹಣದ ದೊಡ್ಡ ಪಾಲು ಔಷಧಕ್ಕೆ ಹೋದದ್ದಲ್ಲ.

ಆಸ್ಪತ್ರೆಯ ಗೋಡೆಯೊಳಗೆ ಈ ಸಮಸ್ಯೆ ಇನ್ನೂ ಗಾಢವಾಗುತ್ತದೆ. ಬೀದಿಯಲ್ಲಾದರೆ ಎದುರಿನ ಅಂಗಡಿಗೆ ಹೋಗಬಹುದು. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಿದವನು ಎಲ್ಲಿಗೆ ಹೋದಾನು? ಹೃದಯದ ರಕ್ತನಾಳದಲ್ಲಿ ಇಡುವ ಸ್ಟೆಂಟಿನ ವಿಚಾರದಲ್ಲಿ ಪ್ರಾಧಿಕಾರ ಲೆಕ್ಕ ಬಿಚ್ಚಿದಾಗ, ಲಾಭಾಂಶ ಅತಿ ಹೆಚ್ಚು ಬೆಳೆದದ್ದು ಆಸ್ಪತ್ರೆಯ ಹಂತದಲ್ಲೇ ಎಂದು ತಿಳಿಯಿತು. ಲಕ್ಷ ರೂಪಾಯಿಯನ್ನು ಮೀರುತ್ತಿದ್ದ ಔಷಧಲೇಪಿತ ಸ್ಟೆಂಟಿಗೆ 2017ರ ಫೆಬ್ರವರಿಯಲ್ಲಿ ತೆರಿಗೆ ಬಿಟ್ಟು 29,600 ರೂಪಾಯಿಯ ಮಿತಿ ಬಂದಿತು. 2018ರಲ್ಲಿ ದೆಹಲಿ ಸುತ್ತಮುತ್ತಲಿನ ನಾಲ್ಕು ಖಾಸಗಿ ಆಸ್ಪತ್ರೆಗಳ ಬಿಲ್ಲುಗಳನ್ನು ಪ್ರಾಧಿಕಾರ ಪರಿಶೀಲಿಸಿದಾಗ ಕೆಲವು ವಸ್ತುಗಳಲ್ಲಿ ಲಾಭಾಂಶ ಶೇಕಡಾ 1,737ರವರೆಗೆ ಮುಟ್ಟಿತ್ತು. 2021ರ ಕೋವಿಡ್ ಕಾಲದಲ್ಲಿ ಉಸಿರಿಗಾಗಿ ಜನ ಪರದಾಡುತ್ತಿದ್ದಾಗ ಆಮ್ಲಜನಕದ ಯಂತ್ರಗಳ ಮೇಲೆ ವಿತರಕರ ಹಂತದ ಲಾಭಾಂಶವೇ ಶೇಕಡಾ 198ರವರೆಗೆ ಇತ್ತೆಂದು ಸರಕಾರವೇ ತಿಳಿಸಿ, ಜೂನ್ ತಿಂಗಳಲ್ಲಿ ಅದನ್ನು 70ಕ್ಕೆ ಕಟ್ಟಿತು. ಹೀಗೆ ಕೂಗೆದ್ದಾಗ ಕಾನೂನು ಎಚ್ಚರಗೊಳ್ಳುತ್ತದೆ. ಕೂಗಲು ಶಕ್ತಿಯಿಲ್ಲದ ಕಾಯಿಲೆಗಳ ಗತಿಯೇನು?

ಇಲ್ಲಿ ಎರಡು ಆಕ್ಷೇಪಣೆಗಳನ್ನು ನ್ಯಾಯವಾಗಿ ಎದುರಿಸಬೇಕು. ಮೊದಲನೆಯದು ಅಂಗಡಿಯವರದು. ಬಾಡಿಗೆ, ವಿದ್ಯುತ್ತು, ಇನ್ಸುಲಿನ್ನಿಗೆ ತಣ್ಣನೆಯ ಪೆಟ್ಟಿಗೆ, ಅರ್ಹತೆ ಪಡೆದ ಫಾರ್ಮಸಿಸ್ಟರ ಸಂಬಳ, ಅವಧಿ ಮೀರಿದ ಮಾಲಿನ ನಷ್ಟ, ಇವನ್ನೆಲ್ಲ ಎಲ್ಲಿಂದ ತರುವುದು? ಇದು ಸತ್ಯವಾದ ಮಾತು. ನಡುವಿನವನು ಬೇಡವೆಂದು ನಾನು ಹೇಳುತ್ತಿಲ್ಲ. ರಾತ್ರಿ ಹತ್ತು ಗಂಟೆಗೆ ಹಳ್ಳಿಯ ಬಸ್‌ಸ್ಟ್ಯಾಂಡಿನ ಬಳಿ ಬಾಗಿಲು ತೆರೆದಿಟ್ಟು ಕುಳಿತವನು ಸಮಾಜಕ್ಕೆ ಸೇವೆಯನ್ನೇ ಮಾಡುತ್ತಿದ್ದಾನೆ. ಅವನಿಗೆ ಕೂಲಿ ಸಲ್ಲಬೇಕು. ಆದರೆ ಹತ್ತು ರೂಪಾಯಿಯ ಔಷಧದಲ್ಲಿ ಶೇಕಡಾ 30 ಎಂದರೆ ಮೂರು ರೂಪಾಯಿ. ಹತ್ತು ಸಾವಿರದ ಔಷಧದಲ್ಲಿ ಮೂರು ಸಾವಿರ. ಬೀರುವಿನಿಂದ ತೆಗೆದು ಚೀಲಕ್ಕೆ ಹಾಕುವ ಶ್ರಮ ಎರಡಕ್ಕೂ ಹೆಚ್ಚು ಕಡಿಮೆ ಒಂದೇ. ಆದುದರಿಂದ ಅಗ್ಗದ ಔಷಧಕ್ಕೆ ಹೆಚ್ಚಿನ ಶೇಕಡಾವಾರು, ದುಬಾರಿ ಔಷಧಕ್ಕೆ ಕಡಿಮೆ, ಹೀಗೆ ಮೆಟ್ಟಿಲುಮೆಟ್ಟಿಲಾಗಿ ಲಾಭಾಂಶವನ್ನು ಗೊತ್ತುಮಾಡುವುದೇ ಸರಿಯಾದ ದಾರಿ. ಕೇಂದ್ರ ಸರಕಾರ ನೇಮಿಸಿದ ಸಮಿತಿಯೊಂದು 2015ರಲ್ಲೇ ಇಂಥ ಸಲಹೆಯನ್ನು ಕೊಟ್ಟಿತ್ತು. ಹಾಗೆ ಮಾಡಿದರೆ ಅಗ್ಗದ ಔಷಧವನ್ನು ಮಾರುವ ಅಂಗಡಿಯವನು ನಷ್ಟಕ್ಕೆ ಸಿಕ್ಕುವುದಿಲ್ಲ, ದುಬಾರಿಯದನ್ನು ದಾಟಿಸುವ ಆಸೆಯೂ ಅವನಲ್ಲಿ ಹುಟ್ಟುವುದಿಲ್ಲ.

ಎರಡನೆಯ ಆಕ್ಷೇಪಣೆ ಗುಣಮಟ್ಟದ್ದು. ಇದು ಇನ್ನೂ ಗುರುತರವಾದದ್ದು. ವೈದ್ಯರು ಮೂಲದ ಹೆಸರಿನಲ್ಲೇ ಔಷಧ ಬರೆಯಬೇಕೆಂಬ ನಿಯಮ 2023ರ ಆಗಸ್ಟಿನಲ್ಲಿ ಹೊರಟಿತು. ಅದೇ ತಿಂಗಳಲ್ಲಿ ಅದನ್ನು ತಡೆಹಿಡಿಯಲಾಯಿತು. ಅಗ್ಗದ ಔಷಧವೆಲ್ಲ ಗುಣದಲ್ಲಿ ಸಮವೆಂದು ಯಾರು ಖಾತರಿ ಕೊಡುತ್ತಾರೆ ಎಂಬುದು ವೈದ್ಯರ ಪ್ರಶ್ನೆ. ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಸತ್ತಾಗ, ಸರಕಾರಿ ಆಸ್ಪತ್ರೆಗೆ ಪೂರೈಕೆಯಾಗಿದ್ದ, ರಕ್ತನಾಳಕ್ಕೆ ಏರಿಸುವ ದ್ರಾವಣದ ಗುಣಮಟ್ಟವೇ ಸಂದೇಹಕ್ಕೆ ಒಳಗಾಯಿತು. ಆ ತಾಯಂದಿರ ನೆನಪು ನಮ್ಮ ಮುಂದೆ ಇರುವಾಗ ಅಗ್ಗವಾದರೆ ಸಾಕೆಂದು ಯಾರೂ ಹೇಳಲಾರರು. ಆದರೆ ಬೆಲೆ ಹೆಚ್ಚಿದ್ದರೆ ಗುಣ ಹೆಚ್ಚೆಂಬ ನಂಬಿಕೆಗೂ ಆಧಾರವಿಲ್ಲ. ನನ್ನ ಶಿಷ್ಯನ ಮೇಜಿನ ಮೇಲೆ 22 ರೂಪಾಯಿಗೆ ಬಿದ್ದ ಪಟ್ಟಿಯ ಮೇಲೆಯೇ ಹೆಚ್ಚಿನ ಬೆಲೆ ಅಚ್ಚಾಗಿತ್ತಲ್ಲವೆ? ನಡುವೆ ಹೋಗುವ ಹಣ ಗುಣವನ್ನು ಕಾಯುವುದಿಲ್ಲ. ಗುಣವನ್ನು ಕಾಯುವುದು ಪ್ರಯೋಗಶಾಲೆ, ತನಿಖೆ, ಶಿಕ್ಷೆ. ಅದು ಬೇರೆಯೇ ಕರ್ತವ್ಯ. ಬೆಲೆಯ ನಿಯಮದ ಜೊತೆಜೊತೆಗೇ ನಡೆಯಬೇಕಾದದ್ದು.

ಹಾಗಾದರೆ ಏನು ಮಾಡಬೇಕು? ನನ್ನ ಅಲ್ಪಮತಿಗೆ ತೋರುವುದು ಮೂರು. ಕ್ಯಾನ್ಸರ್ ಔಷಧಗಳಲ್ಲಿ ಮಾಡಿ ತೋರಿಸಿದ್ದನ್ನು ಪಟ್ಟಿಯ ಹೊರಗಿನ ಎಲ್ಲ ಔಷಧಗಳಿಗೂ, ಆಸ್ಪತ್ರೆಯೊಳಗಿನ ಮಾರಾಟಕ್ಕೂ, ಮೆಟ್ಟಿಲಿನ ಲೆಕ್ಕದಲ್ಲಿ ವಿಸ್ತರಿಸಬೇಕು. ಕಂಪನಿಯ ಮೊದಲ ಮಾರಾಟದ ಬೆಲೆಯನ್ನು ಪೆಟ್ಟಿಗೆಯ ಮೇಲೆ ಅಥವಾ ಎಲ್ಲರೂ ನೋಡಬಹುದಾದ ಕಡೆ ಪ್ರಕಟಿಸಬೇಕು. ಮಂಡಿಯ ರೈತನಿಗೆ ದೊರೆತಿರುವ ತಿಳಿವಳಿಕೆಯ ಹಕ್ಕು ರೋಗಿಗೇಕೆ ಇರಬಾರದು? ಮೂರನೆಯದಾಗಿ, ಪ್ರತಿಯೊಂದು ತಂಡದ ಔಷಧದ ಪರೀಕ್ಷೆಯ ಫಲಿತಾಂಶವೂ ವೈದ್ಯರ ಕೈಗೆ ಸಿಗುವಂತಾಗಬೇಕು. ಆಗ ಮೂಲದ ಹೆಸರಿನಲ್ಲಿ ಬರೆಯಲು ಅವರಿಗೂ ಧೈರ್ಯ ಬರುತ್ತದೆ.

2025ರ ಸೆಪ್ಟೆಂಬರಿನಲ್ಲಿ ಔಷಧಗಳ ಮೇಲಿನ ತೆರಿಗೆಯನ್ನು ಶೇಕಡಾ 12ರಿಂದ 5ಕ್ಕೆ ಇಳಿಸಿದರು. ಒಳ್ಳೆಯದೇ ಆಯಿತು. ಆದರೆ ಹತ್ತು ರೂಪಾಯಿಯ ಮಾಲಿನ ಮೇಲೆ ನೂರು ರೂಪಾಯಿ ಬರೆಯಲು ಬಿಟ್ಟು ತೆರಿಗೆಯಲ್ಲಿ ಏಳು ರೂಪಾಯಿ ಬಿಟ್ಟುಕೊಟ್ಟರೆ, ಕಣಜಕ್ಕೆ ತೂತು ಬಿದ್ದಿರುವಾಗ ಹಿಡಿಕಾಳು ದಾನ ಮಾಡಿದ ಹಾಗೆ. ತೆರಿಗೆ ಸರಕಾರದ ಬೊಕ್ಕಸಕ್ಕೆ ಹೋಗುತ್ತದೆ, ಅದಕ್ಕೊಂದು ಲೆಕ್ಕವಿದೆ. ಲೆಕ್ಕವಿಲ್ಲದೆ ಹೋಗುವ ಹಣದ ಕಡೆಗೆ ನಮ್ಮ ಕಣ್ಣು ತಿರುಗಬೇಕು.

ಮೊನ್ನೆ ಆ ಅಂಗಡಿಗೆ ಮತ್ತೆ ಹೋಗಿದ್ದೆ. ಹಳ್ಳಿಯಿಂದ ಬಂದ ಮುದುಕಿಯೊಬ್ಬರು ಚೀಟಿಯನ್ನು ಮುಂದೆ ಚಾಚಿ, ಸೆರಗಿನ ಗಂಟು ಬಿಚ್ಚುತ್ತ, “ಎಷ್ಟಾಯ್ತಪ್ಪಾ?” ಎಂದು ಕೇಳಿದರು. ಅವನು ಹೇಳಿದ ಮೊತ್ತವನ್ನು ಮರುಮಾತಿಲ್ಲದೆ ಎಣಿಸಿ ಕೊಟ್ಟರು. ತರಕಾರಿಯವಳೊಂದಿಗೆ ಎಂಟಾಣೆಗೆ ವಾದಿಸಿ ಬೆಳೆದ ಜೀವ ಅದು. ಚೌಕಾಸಿ ಮಾಡುವುದು ಆಕೆಗೆ ತಿಳಿಯದೆ ಇಲ್ಲ. ಔಷಧದ ಮುಂದೆ ಆಕೆ ಮೌನವಾದದ್ದು ನಂಬಿಕೆಯಿಂದ. ಯಾರೋ ತಿಳಿದವರು ಈ ಬೆಲೆಯನ್ನು ನ್ಯಾಯವಾಗಿ ಕಟ್ಟಿದ್ದಾರೆ ಎಂಬ ನಂಬಿಕೆಯಿಂದ. ಆ ಮೌನದ ಪರವಾಗಿ ಚೌಕಾಸಿ ಮಾಡಬೇಕಾದವನು ಒಬ್ಬ ಮಧ್ಯಸ್ಥ. ಆ ಮಧ್ಯಸ್ಥನ ಹೆಸರು ಕಾನೂನು. ಅದು ತನ್ನ ಕೆಲಸವನ್ನು ಅರ್ಧಕ್ಕೆ ಬಿಟ್ಟಿದೆ. ಪೂರ್ತಿ ಮಾಡಿಸಿಕೊಳ್ಳುವುದು ನಮ್ಮೆಲ್ಲರ ಹೊಣೆ.